ಸಕ್ಕರೆ ಸಾಗಣೆಯ ಜೀನ್ ತೆಗೆದರೂ ಬೆಂಕಿ ರೋಗ ತಗ್ಗುತ್ತಿಲ್ಲ: ತಪ್ಪಿರುವುದೆಲ್ಲಿ?

ಪ್ರಶ್ನೆ

ನಮಸ್ಕಾರ. ರಾಗಿಯ ಬೆಂಕಿ ರೋಗಕ್ಕೆ ಕಾರಣವಾದ ಮ್ಯಾಗ್ನಪೋರ್ತೆ ಶಿಲೀಂಧ್ರದಲ್ಲಿ, ಗ್ಲೂಕೋಸನ್ನು ಜೀವಕೋಶದೊಳಕ್ಕೆ ಸಾಗಿಸುತ್ತದೆಂದು ಊಹಿಸಲಾದ ಒಂದು ಜೀನನ್ನು ತೆಗೆದಿದ್ದೇನೆ. ಡಿಎನ್‌ಎ ಪರೀಕ್ಷೆಯಾದ ಪಿಸಿಆರ್‌ನಲ್ಲಿ ಅದು ಖಚಿತವಾಗಿದೆ. ಆದರೂ ಪಿಡಿಎ (ಆಲೂಗಡ್ಡೆ-ಡೆಕ್ಸ್‌ಟ್ರೋಸ್ ಅಗರ್ ಎಂಬ ಪೋಷಕ ಮಾಧ್ಯಮ) ತಟ್ಟೆಯಲ್ಲಿ ಈ ತಳಿ ಮೂಲ ತಳಿಯಷ್ಟೇ ಅಗಲಕ್ಕೆ ಬೆಳೆಯುತ್ತದೆ. ಸಸಿಗಳಿಗೆ ಬೀಜಕ ಸಿಂಪಡಿಸಿ ಐದನೆಯ ದಿನ ಎಣಿಸಿದರೆ ಚುಕ್ಕೆಗಳೂ ಹೆಚ್ಚುಕಡಿಮೆ ಅಷ್ಟೇ ಇವೆ. ರೋಗದಲ್ಲಿ ಈ ಜೀನಿಗೆ ಪಾತ್ರವಿಲ್ಲವೆಂದು ಬರೆಯಬಹುದೇ?

ಉತ್ತರ

ಈಗಲೇ ಬರೆಯಬೇಡಿ. ಪಿಡಿಎಯಲ್ಲಿ ಲೀಟರಿಗೆ 20 ಗ್ರಾಂ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್, ಇರುತ್ತದೆ. ಅಂಥ ಸಮೃದ್ಧಿಯಲ್ಲಿ ಗ್ಲೂಕೋಸ್, ಫ್ರಕ್ಟೋಸ್‌ನಂಥ ಸರಳ ಸಕ್ಕರೆಗಳನ್ನು (ಹೆಕ್ಸೋಸ್) ಒಳಕ್ಕೆ ಒಯ್ಯುವ ಉಳಿದ ಸಾಗಣೆದಾರ ಪ್ರೋಟೀನುಗಳೇ ಕೆಲಸ ಮುಗಿಸುವುದರಿಂದ ಒಂದರ ಕೊರತೆ ಕಾಣಿಸುವುದಿಲ್ಲ. ಗ್ಲೂಕೋಸನ್ನು ಬಹಳ ಕಡಿಮೆ ಮಾಡಿ ಬೆಳೆಸಿ, ವ್ಯಾಸದ ಬದಲು ಒಣತೂಕ ಅಳೆಯಿರಿ, ಏಕೆಂದರೆ ಹಸಿದ ಶಿಲೀಂಧ್ರವೂ ತೆಳ್ಳಗೆ ಹರಡಿಕೊಂಡು ಅಗಲವಾಗಿಯೇ ಕಾಣುತ್ತದೆ.

ಚುಕ್ಕೆಗಳ ಎಣಿಕೆಯಲ್ಲಿ ಇನ್ನೊಂದು ತೊಡಕಿದೆ. ಈ ಶಿಲೀಂಧ್ರದ ಬೀಜಕ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬರುತ್ತದೆ: ಒಳಗಿನ ಗ್ಲೈಕೋಜನ್ ಮತ್ತು ಕೊಬ್ಬನ್ನು ಕರಗಿಸಿ, ಎಲೆಗೆ ಅಂಟಿಕೊಂಡು ಒಳನುಗ್ಗಲು ರೂಪಿಸಿಕೊಳ್ಳುವ ಅಪ್ರೆಸೋರಿಯಂ ಎಂಬ ಕೋಶದಲ್ಲಿ ಗ್ಲಿಸರಾಲ್ ತುಂಬಿಕೊಂಡು, ಸುಮಾರು 8 ಮೆಗಾಪಾಸ್ಕಲ್ ಒತ್ತಡದಿಂದ ಎಲೆಯ ಹೊರಪದರವನ್ನು ಸೀಳುತ್ತದೆ. ಅಲ್ಲಿಯವರೆಗೆ ಸಸ್ಯದ ಸಕ್ಕರೆಯ ಹಂಗಿಲ್ಲ. ಆದ್ದರಿಂದ ಚುಕ್ಕೆ ಎಷ್ಟು ಎಂಬುದಕ್ಕಿಂತ ಅದು ಎಷ್ಟು ಹಿಗ್ಗಿತು, ಎಷ್ಟು ಬೀಜಕ ಕೊಟ್ಟಿತು ಎಂಬುದನ್ನು ನೋಡಿ.

ಎರಡೂ ಬಗೆಯ ನಿದರ್ಶನಗಳಿವೆ. ಬೂದು ಕೊಳೆಯ ಬೋಟ್ರೈಟಿಸ್‌ನಲ್ಲಿ ಫ್ರಕ್ಟೋಸ್ ಸಾಗಣೆಯ ಎಫ್‌ಆರ್‌ಟಿ1 ಜೀನ್ ತೆಗೆದರೂ ರೋಗ ತಗ್ಗಲಿಲ್ಲ. ಮೆಕ್ಕೆಜೋಳದ ಕಾಡಿಗೆ ರೋಗದ ಉಸ್ಟಿಲಾಗೊ ಮೇಡಿಸ್‌ನಲ್ಲಾದರೋ, ಸುಕ್ರೋಸನ್ನು ಒಡೆಯದೆ ಇಡಿಯಾಗಿ ಹೀರುವ ಎಸ್‌ಆರ್‌ಟಿ1 ಇಲ್ಲದಿದ್ದರೆ ರೋಗ ಗಣನೀಯವಾಗಿ ಕುಗ್ಗುತ್ತದೆಂದು 2010ರಲ್ಲಿ ತೋರಿಸಲಾಯಿತು. ಆ ಜೀನ್ ಸಸ್ಯದೊಳಗೆ ಮಾತ್ರ ಎಚ್ಚರಗೊಳ್ಳುತ್ತದೆ. ತಟ್ಟೆಯಲ್ಲಿ ಹುಡುಕಿದ್ದರೆ ಸಿಗುತ್ತಲೇ ಇರಲಿಲ್ಲ. ನಿಮ್ಮದು ಯಾವ ದಿನ ಎಚ್ಚರಗೊಳ್ಳುತ್ತದೆ ಎಂಬುದನ್ನು ಸೋಂಕಿತ ಎಲೆಯ ಆರ್‌ಎನ್‌ಎಯಲ್ಲಿ (ಕೆಲಸ ಮಾಡುತ್ತಿರುವ ಜೀನಿನ ನಕಲು) ಮೊದಲು ನೋಡಬೇಕಿತ್ತು.

ಪ್ರಶ್ನೆ ಕೇಳಿದವರು

ಧನ್ಯವಾದಗಳು ಸರ್. ಶೇ. 0.05 ಗ್ಲೂಕೋಸ್‌ನಲ್ಲಿ ಅಗಲ ಒಂದೇ ಇದ್ದರೂ, ತಟ್ಟೆಯ ತಳದಲ್ಲಿ ಬರೆದ ಅಕ್ಷರಗಳು ಹೊಸ ತಳಿಯ ಬೆಳವಣಿಗೆಯ ಮೂಲಕ ಸ್ಪಷ್ಟವಾಗಿ ಕಾಣುತ್ತಿವೆ. ಮೂಲ ತಳಿಯಲ್ಲಿ ಕಾಣುತ್ತಿಲ್ಲ, ಅಂದರೆ ಹೊಸ ತಳಿ ತೆಳ್ಳಗೆ ಬೆಳೆದಿದೆ. ಫ್ರಕ್ಟೋಸ್‌ನಲ್ಲಿ ವ್ಯತ್ಯಾಸವಿಲ್ಲ. ಎಂಟನೆಯ ದಿನ ಚುಕ್ಕೆಗಳೂ ಚಿಕ್ಕವಾಗಿಯೇ ಉಳಿದಿವೆ.

ಉತ್ತರ

ಹಾಗಾದರೆ ಜೀನನ್ನು ಮರಳಿ ಸೇರಿಸಿ, ಬೆಳವಣಿಗೆ ಮತ್ತೆ ದಟ್ಟವಾಗುವುದೇ ನೋಡಿ; ಆದರೆ ಕೊರತೆಗೆ ಆ ಜೀನೇ ಕಾರಣವೆಂದಾಗುತ್ತದೆ. ಜೀನ್ ತೆಗೆದ, ಬೇರೆ ಬೇರೆಯಾಗಿ ಪಡೆದ ಎರಡು ತಳಿಗಳಾದರೂ ಇರಲಿ.