ಜಮೀನು, ಜಾಮೀನು ಒಂದೇ ಬೇರಿನ ಶಬ್ದಗಳೇ?

ಕಾಗಿಣಾ ದಂಡಿ:
ಸೇಡಂ ಕಡೆಯ ಹೊಲ-ಮನಿ ಶಬ್ದಗಳ ಪಟ್ಟಿ ಮಾಡ್ಲಾಕತ್ತೀವಿ. "ಹೊಲ ಅಡ ಇಟ್ಟು ಸಾಲ ತರತಿದ್ರು, ಅದಕ್ಕ ಜಾಮೀನು ಅನ್ನೋದು ಜಮೀನಿನಿಂದ ಹುಟ್ಟ್ಯದ" ಅಂತ ಒಬ್ಬರು ಬರದಾರ. ಖರೇ ಏನು? ಇನ್ನೊಂದು, ನಿಜಾಮರ ಕಾಲದ ಉರ್ದು ಕಾಗದ ಓದಿಸಿದ್ರ "ಖುಷ್ಕಿ 8-20, ಖರಾಬ 0-30" ಅಂತ ಅದ, ಕೆಳಗ "ಅವ್ವಲ್ ತಾಲ್ಲೂಕದಾರ". ಈ ತಾಲ್ಲೂಕದಾರ ಅಂದ್ರ ಜಮೀನ್ದಾರನೇ?

ನುಕ್ತಾ:
ಕಥಿ ಚಂದ ಅದ, ಆದ್ರ ಸುಳ್ಳು. ಜಮೀನು ಪಾರಸಿಯ 'ಜಮೀನ್', ಅಂದ್ರೆ ನೆಲ. ಜಾಮೀನು ಅರಬ್ಬಿಯ 'ಜಾಮಿನ್', ಅಂದ್ರೆ ಹೊಣೆ ಹೊತ್ತವ. ಕಾಗದ ಉರ್ದುದಾಗ ಇದ್ರ ಮೊದಲ ಅಕ್ಷರ ನೋಡ್ರಿ: ನೆಲಕ್ಕ 'ಜೇ', ಹೊಣೆಗಾರನಿಗೆ 'ಜ್ವಾದ್'. ಕನ್ನಡಕ್ಕ ಬಂದಾಗ ಎರಡೂ 'ಜ' ಆದವು, ಜೊತೀಗೆ 'ಮಿ' ಎಳೆದು 'ಮೀ' ಆಯ್ತು. ಗೊಂದಲ ಹುಟ್ಟಿದ್ದೇ ಅಲ್ಲಿ.

ಅರ್ಥ ಜರುಗಿದ್ದು ಇನ್ನೂ ಮಜಾ. ಉರ್ದುದಾಗ ಜಾಮಿನ್ ಅಂದ್ರ ಮನುಷ್ಯ, ಅವ ಕೊಡೋದು ಜಮಾನತ್. ನಾವು ಮನುಷ್ಯನ ಹೆಸರನ್ನ ಕೊಡೋ ವಸ್ತುವಿಗೇ ಇಟ್ಟು "ಜಾಮೀನು ಸಿಕ್ಕಿತು" ಅಂದ್ವಿ. ಆಮೇಲೆ ಮನುಷ್ಯನಿಗೆ ಹೆಸರೇ ಉಳೀಲಿಲ್ಲ, 'ದಾರ' ಹಚ್ಚಿ ಜಾಮೀನುದಾರ ಮಾಡಬೇಕಾಯ್ತು. ಇದಕ್ಕ ಕನ್ನಡದ ಹಳೇ ಶಬ್ದ ಪೊಣೆ, ಈಗಿನ ಹೊಣೆ. ಪೊಲ ಹೊಲ ಆದಂಗೇ ಇದೂ.

ಬಾಂದಕಲ್ಲು:
ಕಾಗದದ ಲೆಕ್ಕದಲ್ಲಿ ಜಾಗ್ರತೆ. 8-20 ಅಂದರೆ 8 ಎಕರೆ 20 ಗುಂಟೆ. 40 ಗುಂಟೆಗೆ 1 ಎಕರೆ, ಹಾಗಾಗಿ ಇದು ಎಂಟೂವರೆ ಎಕರೆ. ಗಣಕಯಂತ್ರದಲ್ಲಿ ಚುಕ್ಕಿ ಹಾಕಿ 8.20ಕ್ಕೆ 0.30 ಕೂಡಿಸಿದರೆ 8.50 ಬರುತ್ತದೆ, ಸರಿಯಾದ ಮೊತ್ತ 9-10. ಅಡ್ಡಗೆರೆಯನ್ನು ಚುಕ್ಕಿ ಮಾಡಬೇಡಿ.

ಖುಷ್ಕಿ ಎಂದರೆ ಪಾರಸಿಯಲ್ಲಿ ಒಣಗಿದ್ದು. ದಾಖಲೆಯಲ್ಲಿ ಮಳೆ ನಂಬಿದ ಹೊಲ. ತರಿ ಎಂದರೆ ಹಸಿ, ನೀರಾವರಿ ಗದ್ದೆ. ಬಾಗಾಯ್ತು 'ಬಾಗ್' ಎಂಬುದರ ಬಹುವಚನ, ತೋಟ. ಎಡವುವುದು ಖರಾಬಿನಲ್ಲಿ. "ಮೋಟರ್ ಖರಾಬ್ ಆಗ್ಯದ" ಎನ್ನುವಾಗಿನ ಅರ್ಥ ಇಟ್ಟುಕೊಂಡು ಸವಳು ಮಣ್ಣು ಎಂದು ಓದುತ್ತಾರೆ. ದಾಖಲೆಯಲ್ಲಿ ಅದು ಸಾಗುವಳಿ ಲೆಕ್ಕದಿಂದ ಹೊರಗಿಟ್ಟ ಜಾಗ. ಈಗಿನ ಪಹಣಿಯಲ್ಲಿ 'ಎ' ಖರಾಬು ಬಂಡೆಯಂಥ ಉಳಲಾಗದ ನೆಲ. 'ಬಿ' ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಜಾಗ.

ಅವ್ವಲ್ ತಾಲ್ಲೂಕದಾರ ಜಮೀನ್ದಾರನಲ್ಲ. ಉತ್ತರ ಭಾರತದ ಅವಧ್ ಕಡೆ ತಾಲ್ಲೂಕದಾರ ಎಂದರೆ ದೊಡ್ಡ ಭೂಮಾಲೀಕ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಅವ್ವಲ್ (ಮೊದಲನೇ) ತಾಲ್ಲೂಕದಾರ ಎಂದರೆ ಜಿಲ್ಲಾಧಿಕಾರಿ. ಮೂಲ ಶಬ್ದ 'ತಅಲ್ಲುಕ್', ಸಂಬಂಧ. ಯಾರಿಗೆ ಯಾವ ಸೀಮೆ ಸಂಬಂಧಿಸಿತ್ತೋ ಅದೇ ತಾಲ್ಲೂಕು ಆಯಿತು.

ಕಾಗಿಣಾ ದಂಡಿ:
ಪಟ್ಟಿಯೊಳಗ ತಿದ್ದತೀನಿ. ಹಂಗಂದ್ರ 'ಹಂಗಾಮಿ ನೌಕರ', 'ಹಿಂಗಾರು ಹಂಗಾಮು' ಇವೂ ಬೇರೆ ಬೇರೆನೇ ಏನು?

ನುಕ್ತಾ:
ಇಲ್ರಿ, ಇವು ಒಂದೇ. ಪಾರಸಿಯ 'ಹಂಗಾಮ್' ಅಂದ್ರ ವ್ಯಾಳ್ಯಾ. ಬೆಳೀ ವ್ಯಾಳ್ಯಾ ಹಂಗಾಮು, ಆ ವ್ಯಾಳ್ಯಾಕ್ಕಷ್ಟೇ ಇರೋದು ಹಂಗಾಮಿ. ಹಿಂಗಾರಿನ 'ಕಾರು' ಮಾತ್ರ ಅಪ್ಪಟ ಕನ್ನಡ, ಮಳಿಗಾಲ. ಅಂದ್ರ "ಹಿಂಗಾರು ಹಂಗಾಮು" ಅಂದಾಗ ಕಾಲ ಎರಡು ಸಲ ಬಂತು. ಬಿಳಿಜೋಳ ಬಿತ್ತೋರಿಗೆ ಅದರಿಂದ ತ್ರಾಸೇನಿಲ್ಲ.