ಪದಚರ್ಚೆ: ಎಂಜಿನ್ ‘ಜಂಟಿ’ ಆಗೋದು ಹೇಗೆ?

ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ಮಾತಿನ ಮುಂದೆ ಮೂರು ದಿನದಿಂದ ಕೂತಿದ್ದೇನೆ. ಇಂಗ್ಲಿಷಿನವರು ‘ಜಾಯಿಂಟ್ಲಿ ಡೆವಲಪ್ಡ್ ಎಂಜಿನ್’ ಅಂತಾರಲ್ಲ, ಅದನ್ನು ಕನ್ನಡದಲ್ಲಿ ಏನಂತ ಬರೆಯೋದು? ಪೇಪರುಗಳಲ್ಲಿ ‘ಜಂಟಿಯಾಗಿ ಅಭಿವೃದ್ಧಿಪಡಿಸಿದ ಎಂಜಿನ್’ ಅಂತ ಬರುತ್ತೆ. ನಾನೂ ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಹಾಗೇ ಬರೆದೆ. ಈ ಸಲ ಅಕ್ಕನ ಮಗನ ಕೈಗೆ ಸಿಕ್ಕಿಬಿದ್ದೆ.

ಒಂದು ವಾರಪತ್ರಿಕೆಗೆ ಆಗಾಗ ಗಾಡಿಗಳ ಬಗ್ಗೆ ಬರೆದುಕೊಡುತ್ತೇನೆ. ಈ ಸಲ ಎತ್ತಿಕೊಂಡಿದ್ದು ಟಿವಿಎಸ್ ಅಪಾಚೆ ಆರ್‌ಆರ್ 310 ಮತ್ತು ಬಿಎಂಡಬ್ಲ್ಯು ಜಿ 310 ಆರ್‌ಆರ್. ಎರಡೂ ಸ್ಪೋರ್ಟ್ಸ್ ಬೈಕುಗಳೇ. ಎರಡರ ಹೊಟ್ಟೆಯಲ್ಲೂ ಇರುವುದು ಒಂದೇ ಸಿಲಿಂಡರಿನ, 312 ಸಿಸಿಯ ಆ ಒಂದೇ ಎಂಜಿನ್. ಬರೆದು ಮುಗಿಸಿ ಹುಡುಗನಿಗೆ ಓದಲು ಕೊಟ್ಟೆ. ಬೊಮ್ಮಸಂದ್ರದ ಕಡೆ ಒಂದು ವರ್ಕ್‌ಶಾಪಿನಲ್ಲಿ ಕೆಲಸ, ಉಳಿದ ಹೊತ್ತೆಲ್ಲ ಬೈಕಿನ ಹುಚ್ಚು. ಮೊದಲ ಪ್ಯಾರಾದಲ್ಲೇ ನಿಲ್ಲಿಸಿದ.

“ಮಾಮ, ಜಂಟಿ ಅಂದ್ರೆ ಬ್ಯಾಂಕ್ ಅಕೌಂಟು. ಅಭಿವೃದ್ಧಿ ಅಂದ್ರೆ ಚರಂಡಿ ಕೆಲಸ. ಇದ್ರಲ್ಲಿ ಎಂಜಿನ್ ಎಲ್ಲಿ ಬಂತು?”

ನಕ್ಕುಬಿಟ್ಟೆ. ರಾತ್ರಿ ಮಲಗಿದ ಮೇಲೆ ಅದೇ ತಲೆಯಲ್ಲಿ ತಿರುಗತೊಡಗಿತು.

ಮೊದಲು ‘ಅಭಿವೃದ್ಧಿ’. ಅದರ ಹೊಟ್ಟೆಯಲ್ಲಿ ‘ವೃದ್ಧಿ’ ಇದೆ. ಇರುವುದು ಬೆಳೆಯಬೇಕು. ತಾಲೂಕು ಅಭಿವೃದ್ಧಿ ಆಗುತ್ತೆ, ಕೆರೆ ಅಭಿವೃದ್ಧಿ ಆಗುತ್ತೆ. ಹಿರಿಯರ ಕಾಲಿಗೆ ಬಿದ್ದರೆ ‘ಅಭಿವೃದ್ಧಿಯಾಗಲಿ’ ಅಂತ ಹರಸುತ್ತಾರೆ. ಎಲ್ಲ ಕಡೆಯೂ ಮೊದಲೇ ಏನೋ ಒಂದು ಇದೆ, ಅದು ಇನ್ನೂ ಚೆನ್ನಾಗಬೇಕು, ಅಷ್ಟೇ. ಹೊಸ ಎಂಜಿನ್ ಹಾಗಲ್ಲ. ಇಲ್ಲದೇ ಇದ್ದದ್ದು ಹುಟ್ಟಿದೆ. ಹುಟ್ಟಿದ್ದಕ್ಕೆ ಬೆಳೆದದ್ದರ ಹೆಸರು ಕೊಟ್ಟರೆ ಹೇಗೆ?

ತಮಾಷೆ ಏನಂದರೆ, ಇದೇ ಎಂಜಿನ್ನಿಗೆ ‘ಅಭಿವೃದ್ಧಿ’ ಸರಿಯಾಗಿ ಕೂರುವ ಜಾಗವೂ ಒಂದಿದೆ. 2017ರ ಡಿಸೆಂಬರಿನಲ್ಲಿ ಆರ್‌ಆರ್ 310 ಬಂದಾಗ ಅದರ ಶಕ್ತಿ 34 ಪಿಎಸ್ (ಕುದುರೆಶಕ್ತಿಯ ಒಂದು ಅಳತೆ). 2024ರಲ್ಲಿ ಟಿವಿಎಸ್‌ನವರು ಅದನ್ನೇ ತಿದ್ದಿ 38 ಪಿಎಸ್‌ಗೆ ಏರಿಸಿದರು. ಇದ್ದದ್ದು ಬೆಳೆಯಿತು. ಇಲ್ಲಿ ‘ಅಭಿವೃದ್ಧಿಪಡಿಸಿದರು’ ಅಂತ ಬರೆದರೆ ನನ್ನ ತಕರಾರಿಲ್ಲ. ಆದರೆ ಇಂಥ ಕಡೆ ನಮ್ಮ ಪೇಪರುಗಳು ‘ಅಪ್‌ಡೇಟ್’ ಅಂತ ಬರೆದು ಕೈತೊಳೆದುಕೊಳ್ಳುತ್ತವೆ!

ಇನ್ನು ‘ಜಂಟಿ’. ಇದು ಇಂಗ್ಲಿಷಿನ ‘ಜಾಯಿಂಟ್’ ಕೆಟ್ಟು ಬಂದದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ನಾನೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದೆ. ಅಲ್ಲ. ತೆಲುಗಿನಲ್ಲಿ ‘ಜಂಟ’ ಅಂದರೆ ಜೋಡಿ. ನಮ್ಮಲ್ಲಿ ಸಂಗೀತ ಕಲಿಯುವ ಮಕ್ಕಳು ಸರಳೆ ಮುಗಿಸಿ ಜಂಟಿ ವರಸೆಗೆ ಬರುತ್ತಾರೆ. ಸಸ ರಿರಿ ಗಗ ಮಮ. ಒಂದೊಂದು ಸ್ವರ ಎರಡೆರಡು ಸಲ. ಅಂದರೆ ಜಂಟಿ ಅನ್ನೋದರ ಒಳಗಿರುವುದು ‘ಅದೇ ಇನ್ನೊಂದು’ ಅನ್ನುವ ಭಾವ. ಅವಳಿ ಇದ್ದ ಹಾಗೆ. ಜಂಟಿ ಖಾತೆ, ಜಂಟಿ ಅಧಿವೇಶನ, ಜಂಟಿ ನಿರ್ದೇಶಕರು ಬಂದ ಮೇಲೆ ಅದು ಕಚೇರಿಯ ಪದವಾಯಿತು. ‘ಜಾಯಿಂಟ್’ ಜೊತೆ ಸದ್ದು ಹೊಂದಿದ್ದರಿಂದಲೇ ಅನುವಾದ ಮಾಡುವವರ ಕೈಗೆ ಅದು ಸುಲಭವಾಗಿ ಸಿಕ್ಕಿರಬೇಕು ಅಂತ ನನ್ನ ಊಹೆ.

ಜಂಟಿ ಖಾತೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಂದೇ ಹಕ್ಕು. ಇಬ್ಬರೂ ಮಾಡುವುದು ಒಂದೇ ಕೆಲಸ, ದುಡ್ಡು ಹಾಕೋದು, ತೆಗೆಯೋದು. ಎಂಜಿನ್ ವಿಷಯದಲ್ಲಿ ಹಾಗಾ? ಇಲ್ಲೇ ನನ್ನ ಬರಹ ಕುಂಟಿದ್ದು.

ನಡೆದದ್ದು ಹೀಗೆ. 2013ರ ಏಪ್ರಿಲ್‌ನಲ್ಲಿ ಎರಡೂ ಕಂಪನಿಗಳು 500 ಸಿಸಿಗಿಂತ ಕೆಳಗಿನ ಬೈಕುಗಳಿಗಾಗಿ ಒಪ್ಪಂದ ಮಾಡಿಕೊಂಡವು. ಅದರಿಂದ ಮೊದಲು ಹೊರಬಂದದ್ದು ಬಿಎಂಡಬ್ಲ್ಯು ಜಿ 310 ಆರ್. 2015ರ ನವೆಂಬರಿನಲ್ಲಿ ಅದನ್ನು ತೋರಿಸಿದಾಗ ಜರ್ಮನಿಯವರು ಹೇಳಿದ್ದು, ಬೈಕನ್ನು ರೂಪಿಸಿದ್ದು ಮ್ಯೂನಿಕ್‌ನಲ್ಲಿ, ತಯಾರಿಸುವುದು ಭಾರತದಲ್ಲಿ ಟಿವಿಎಸ್ ಅಂತ. ಆದರೆ ಈ ಕಡೆಯ ಮಾತುಗಳಲ್ಲೆಲ್ಲ ‘ಇಬ್ಬರೂ ಸೇರಿ’ ಅನ್ನುವುದೇ ಮುಂದೆ. ಇಬ್ಬರದ್ದೂ ಸುಳ್ಳಲ್ಲ. ಒಬ್ಬರು ಯಾರು ಎಲ್ಲಿ ಏನು ಮಾಡಿದರು ಅಂತ ಬಿಡಿಸಿ ಹೇಳಿದರು. ಇನ್ನೊಬ್ಬರು ಗಂಟು ಕಟ್ಟಿ ಹೇಳಿದರು. ನಮ್ಮ ‘ಜಂಟಿ’ ಆ ಗಂಟನ್ನು ಇನ್ನೂ ಬಿಗಿ ಮಾಡುತ್ತೆ.

ಆಮೇಲೆ ಇನ್ನೊಂದು ತಿರುವು. 2022ರಲ್ಲಿ ಬಂದ ಜಿ 310 ಆರ್‌ಆರ್ ನೋಡಿ. ಅದು ಐದು ವರ್ಷ ಹಳೆಯ ಆರ್‌ಆರ್ 310ರ ಮೇಲೆಯೇ ಎದ್ದು ನಿಂತ ಬೈಕು. ಬಣ್ಣ ಬೇರೆ, ಹೆಸರು ಬೇರೆ, ಮೈಕಟ್ಟು ಅದೇ. ಅಂದರೆ ಮೊದಲು ಮ್ಯೂನಿಕ್‌ನಿಂದ ಹೊಸೂರಿಗೆ (ಟಿವಿಎಸ್ ಕಾರ್ಖಾನೆ ಇರುವ ಊರು) ಬಂದದ್ದು, ಆಮೇಲೆ ಹೊಸೂರಿನಿಂದ ಮ್ಯೂನಿಕ್‌ನ ಹೆಸರಿಗೆ ಹೋಯಿತು. ಕೊಟ್ಟವರು ಯಾರು, ತಗೊಂಡವರು ಯಾರು ಅನ್ನುವುದು ಬೈಕಿನಿಂದ ಬೈಕಿಗೆ ಬದಲಾಗುತ್ತೆ. ಇದನ್ನೆಲ್ಲ ‘ಜಂಟಿ’ ಅನ್ನುವ ಎರಡಕ್ಷರ ಹೊರುವುದಾದರೂ ಹೇಗೆ? (ಹುಡುಗ ಈ ಎರಡು ಬೈಕುಗಳನ್ನು ‘ದಾಯಾದಿಗಳು’ ಅಂತಾನೆ. ಒಂದೇ ರಕ್ತ, ಶೋರೂಮ್ ಮಾತ್ರ ಬೇರೆ ಬೇರೆ, ಗಿರಾಕಿಗಾಗಿ ಪೈಪೋಟಿ. ಇದು ಮಾತ್ರ ನನಗೆ ತುಂಬಾ ಹಿಡಿಸಿತು.)

ಸರಿ, ಬೇರೆ ಕ್ರಿಯಾಪದ ಹುಡುಕೋಣ ಅಂತ ಹೊರಟೆ. ‘ಜೋಡಿಸಿದ’ ಅಂದರೆ ಗ್ಯಾರೇಜಿನ ಅರ್ಥ ಬರುತ್ತೆ. ಎಂಜಿನ್ ಇಳಿಸಿದರು, ಬಿಚ್ಚಿದರು, ಬೋರಿಗೆ ಬಂದಿತ್ತು, ಬೋರ್ ಮಾಡಿಸಿ ಜೋಡಿಸಿದರು, ಕೂರಿಸಿದರು. ಫ್ಯಾಕ್ಟರಿಯ ವಿಷಯಕ್ಕೆ ಬಂದರೆ ‘ಜೋಡಣೆ’ ಅಂದ ಕೂಡಲೇ ‘ಓ, ಬಿಡಿಭಾಗ ಎಲ್ಲ ಹೊರಗಿನಿಂದ ಬಂತು, ಇಲ್ಲಿ ಬರೀ ನಟ್ಟು ಬೋಲ್ಟು ಹಾಕಿದ್ರು’ ಅಂತ ಜನ ತಿಳಿಯುತ್ತಾರೆ. ಹೊಸೂರಿಗೆ ಅದು ಅನ್ಯಾಯ. ‘ನಿರ್ಮಿಸಿದ’ ಅಂದರೆ ಸೇತುವೆ ಕಣ್ಣ ಮುಂದೆ ಬರುತ್ತೆ. ‘ತಯಾರಿಸಿದ’ ಸರಿ, ಆದರೆ ಅದು ಕೈಕೆಲಸದ ಭಾಗ ಮಾತ್ರ. ‘ರೂಪಿಸಿದ’ ನನಗೆ ಇಷ್ಟ. ಕಾಗದದ ಮೇಲಿನ ಗೆರೆಯಿಂದ ಹಿಡಿದು ಓಡಿಸಿ ನೋಡಿ ತಿದ್ದುವವರೆಗೂ ಎಲ್ಲ ಅದರಲ್ಲಿ ಬರುತ್ತೆ.

ಇಲ್ಲಿ ಒಂದು ಅಡ್ಡಮಾತು. ಭಾನುವಾರ ಬೆಳಗ್ಗೆ ಹುಡುಗನ ಗೆಳೆಯರ ಜೊತೆ ಹೊಸೂರು ರಸ್ತೆಯ ಒಂದು ಟೀ ಅಂಗಡಿಗೆ ಹೋಗಿದ್ದೆ. ಏಳೆಂಟು ಬೈಕು ನಿಂತಿದ್ದವು. ಅದರಲ್ಲಿ ಪ್ಲಾಸ್ಟಿಕ್ ಹೊದಿಕೆ ಇಲ್ಲದ ಒಂದು ಜಿ 310 ಆರ್. ಹುಡುಗ ಮಂಡಿಯೂರಿ ಕೂತು “ಇಲ್ನೋಡಿ ಮಾಮ” ಅಂತ ಕರೆದ. ನಾನೂ ಗ್ಲಾಸ್ ಹಿಡಿದುಕೊಂಡೇ ಬಗ್ಗಿದೆ. ಮಾಮೂಲಿ ಬೈಕಿನಲ್ಲಿ ಸೈಲೆನ್ಸರ್ ಪೈಪು ಎಂಜಿನ್ನಿನ ಮುಂದುಗಡೆಯಿಂದ ಹೊರಟು, ಹೊಟ್ಟೆಯ ಕೆಳಗೆ ಬಾಗಿ ಹಿಂದಕ್ಕೆ ಹೋಗುತ್ತೆ. ಇದರಲ್ಲಿ ಮುಂದೆ ಪೈಪೇ ಇಲ್ಲ! ಗಾಳಿ ಒಳಗೆ ಹೋಗುವ ದಾರಿ ಮುಂದೆ, ಹೊಗೆ ಹೊರಗೆ ಬರುವ ದಾರಿ ಹಿಂದೆ. ಸಿಲಿಂಡರ್ ಹೆಡ್ಡನ್ನು 180 ಡಿಗ್ರಿ ತಿರುಗಿಸಿ ಕೂರಿಸಿದ್ದಾರೆ. ಜೊತೆಗೆ ಇಡೀ ಸಿಲಿಂಡರ್ ಹಿಂದಕ್ಕೆ ಓರೆಯಾಗಿ ಕೂತಿದೆ. ಇದರಿಂದ ಎಂಜಿನ್ನಿನ ತೂಕ ಮುಂದಿನ ಚಕ್ರದ ಕಡೆಗೆ ಬರುತ್ತೆ, ಬೈಕಿನ ಉದ್ದ ಹೆಚ್ಚಿಸದೆ ಹಿಂದೆ ಉದ್ದನೆಯ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿಡುವ ತೋಳು) ಹಾಕಲು ಜಾಗ ಸಿಗುತ್ತೆ.

ಈ ಸಿಲಿಂಡರಿಗೆ ನಾನು ‘ಹಿಂದಕ್ಕೆ ವಾಲಿದ’ ಅಂತ ಬರೆದಿದ್ದೆ. ಅಲ್ಲಿದ್ದ ಒಬ್ಬರು, ಹಾಸನದ ಕಡೆಯವರು, ಒಪ್ಪಲಿಲ್ಲ. “ವಾಲೋದು ಬೀಳೋ ಗೋಡೆ ಸಾರ್. ಇದು ಒರಗಿಕೊಂಡಿದೆ” ಅಂದರು. ಆರಾಮ ಕುರ್ಚಿಯಲ್ಲಿ ಅಜ್ಜ ಒರಗಿ ಕೂತ ಹಾಗೆ. ಕೂಡಲೇ ಮನೆಗೆ ಬಂದು ತಿದ್ದಿದೆ. ‘ಹಿಂದಕ್ಕೆ ಒರಗಿದ ಸಿಲಿಂಡರ್’. ಇದರ ಬಗ್ಗೆ ನನಗೆ ಇನ್ನು ಅನುಮಾನವಿಲ್ಲ, ಚರ್ಚೆಗೂ ಇಟ್ಟಿಲ್ಲ.

ಮತ್ತೆ ಜಂಟಿಗೆ ಬರೋಣ. ಇಬ್ಬರು ಸೇರಿ ದುಡಿಯುವುದಕ್ಕೆ ಹಳ್ಳಿಯಲ್ಲಿ ಪದಗಳಿಗೆ ಬರವಿಲ್ಲ. ಮುಯ್ಯಾಳು ಅಂತಿದೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಚೆಂದದ ಪದ, ಆದರೆ ಅದು ಸರದಿ, ಇಲ್ಲಿ ಹೊಂದುವುದಿಲ್ಲ. ವಾರಕ್ಕೆ ಮಾಡೋದು, ಕೋರಿಗೆ ಮಾಡೋದು ಅಂತಾರಲ್ಲ, ಅದು ಹತ್ತಿರ ಬರುತ್ತೆ. ಒಬ್ಬರ ಗದ್ದೆ, ಇನ್ನೊಬ್ಬರ ದುಡಿಮೆ, ಬೆಳೆ ಇಬ್ಬರಿಗೂ. ಯಾರದು ಏನು ಅಂತ ಆ ಪದದಲ್ಲೇ ಗೊತ್ತಾಗುತ್ತೆ. ಹಾಗಂತ ‘ವಾರಕ್ಕೆ ಮಾಡಿದ ಎಂಜಿನ್’ ಅಂತ ಬರೆದರೆ ಸಂಪಾದಕರು ನನಗೇ ವಾರದ ರಜೆ ಕೊಟ್ಟಾರು. ಅಲ್ಲದೆ ಅದರಲ್ಲಿ ಒಡೆಯ ಮತ್ತು ಗೇಣಿದಾರನ ವಾಸನೆ ಇದೆ. ಅದು ಇಲ್ಲಿ ಬೇಡ.

ಮೈಸೂರಿನ ಜಾವಾ ನೆನಪಾಯಿತು. 1961ರಿಂದ 1996ರವರೆಗೆ ಐಡಿಯಲ್ ಜಾವಾದವರು ಅಲ್ಲಿ ಬೈಕ್ ಮಾಡಿದರು. ಆ ಬೈಕು ಮೂಲದಲ್ಲಿ ಜೆಕ್ ದೇಶದ್ದು, ಪರವಾನಗಿ ಪಡೆದು ಇಲ್ಲಿ ಮಾಡಿದ್ದು. ಅದನ್ನು ಯಾರೂ ‘ಜಂಟಿ’ ಅನ್ನಲಿಲ್ಲ. ‘ಮೈಸೂರು ಜಾವಾ’ ಅಂದರು, ಮುಗಿಯಿತು. ಆದರೆ ‘ಜಾವಾ’ ಅನ್ನುವ ಹೆಸರೇ ಎರಡು ಹೆಸರು ಸೇರಿ ಆದದ್ದು. 1929ರಲ್ಲಿ ಯಾನೆಚೆಕ್ ಅನ್ನುವವರು ಜರ್ಮನಿಯ ವಾಂಡರರ್ ಕಂಪನಿಯ ಬೈಕಿನ ವಿನ್ಯಾಸ ಕೊಂಡುಕೊಂಡರು. ತಮ್ಮ ಹೆಸರಿನ (Janeček) ಮೊದಲೆರಡು ಅಕ್ಷರ Ja, ಆ ಕಂಪನಿಯ (Wanderer) ಮೊದಲೆರಡು ಅಕ್ಷರ Wa ಸೇರಿಸಿ ಹೆಸರಿಟ್ಟರು. ಇಬ್ಬರೂ ಹೆಸರಲ್ಲೇ ಇದ್ದಾರೆ, ಬಿಡಿಸಿದರೆ ಕಾಣುತ್ತಾರೆ. ನಮ್ಮ ‘ಹೊಸೂರು’ ಇಲ್ಲವೇ? ಊರು ತಮಿಳುನಾಡಿನಲ್ಲಿದ್ದರೂ ಬಿಡಿಸಿದ ಕೂಡಲೇ ಹೊಸ ಊರು.

ಸದ್ಯಕ್ಕೆ ನಾನು ಬರೆದಿಟ್ಟಿರುವುದು ಇದು: ‘ಎರಡೂ ಕಂಪನಿಗಳು ಸೇರಿ ರೂಪಿಸಿದ, ಹೊಸೂರಿನಲ್ಲಿ ತಯಾರಾಗುವ ಎಂಜಿನ್’. ಎರಡು ಪದದ ಜಾಗಕ್ಕೆ ಆರು ಪದ. ಉದ್ದ ಆಯಿತು ನಿಜ, ಆದರೆ ಓದಿದವನು ಬ್ಯಾಂಕಿಗೂ ಹೋಗುವುದಿಲ್ಲ, ಚರಂಡಿಗೂ ಇಳಿಯುವುದಿಲ್ಲ. ತಲೆಬರಹದಲ್ಲಿ ಮಾತ್ರ ಇದು ಹಿಡಿಸುವುದಿಲ್ಲ. ಅಲ್ಲಿಗೆ ‘ಕೂಡಿ ರೂಪಿಸಿದ’ ಅಂತ ಹಾಕಿದರೆ ಹೇಗೆ? ‘ಕೂಡುಕುಟುಂಬ’ ಇರುವಾಗ ‘ಕೂಡು ಎಂಜಿನ್’ ಯಾಕಿರಬಾರದು ಅಂತ ಹುಡುಗ ಕೇಳಿದ. ನನಗೆ ಅದು ಸುಮ್ನೆ ಪದ ಕಟ್ಟಿದ ಹಾಗೆ ಕಾಣುತ್ತೆ. ‘ಸಹಭಾಗಿತ್ವ’ ಅಂತ ಮಾತ್ರ ಯಾರೂ ಹೇಳಬೇಡಿ, ಅದು ಉದ್ಘಾಟನೆಯ ಫಲಕದಲ್ಲಿ ಇರಲಿ.

ಕೇಳಬೇಕಾದದ್ದು ಎರಡು. ಒಂದು, ಒಬ್ಬರ ಹತ್ತಿರ ಒಂದೇ ಎತ್ತು, ಇನ್ನೊಬ್ಬರ ಹತ್ತಿರ ಒಂದೇ ಎತ್ತು ಇದ್ದಾಗ ಎರಡನ್ನೂ ಒಂದು ನೊಗಕ್ಕೆ ಕಟ್ಟಿ ಇಬ್ಬರ ಹೊಲವನ್ನೂ ಉಳುವುದಿದೆಯಲ್ಲ, ಅದಕ್ಕೆ ನಿಮ್ಮ ಕಡೆ ಏನಂತಾರೆ? ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ. ಎರಡು, ದೋಣಿ ಒಬ್ಬರದು ಬಲೆ ಇನ್ನೊಬ್ಬರದು ಆದಾಗ ಕರಾವಳಿಯಲ್ಲಿ ಬಳಸುವ ಮಾತು ಯಾವುದು?

ಪುಟ ಶುಕ್ರವಾರ ಸಂಜೆ ಅಚ್ಚಿಗೆ ಹೋಗುತ್ತೆ. ಗುರುವಾರದೊಳಗೆ ತಿಳಿಸಿದರೆ ತಲೆಬರಹ ಬದಲಾಯಿಸುತ್ತೇನೆ.