ಲ್ಯಾಪ್ ಸ್ಟೀಲ್ ಗಿಟಾರಿಗೆ ಯಾವ ಡಿಲೇ ಪೆಡಲ್ ಹೊಂದುತ್ತದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಆರು ತಂತಿಯ ಲ್ಯಾಪ್ ಸ್ಟೀಲ್ ಗಿಟಾರನ್ನು (ತೊಡೆಯ ಮೇಲಿಟ್ಟು, ತಂತಿಗಳ ಮೇಲೆ ಲೋಹದ ಬಾರ್ ಜಾರಿಸಿ ನುಡಿಸುವ ಗಿಟಾರ್) ಸಿ6 ಟ್ಯೂನಿಂಗ್‌ನಲ್ಲಿ ನುಡಿಸುತ್ತೇನೆ. ಭಾವಗೀತೆಗಳನ್ನೂ ಹಳೆಯ ಚಿತ್ರಗೀತೆಗಳನ್ನೂ ತಬಲಾ ಮತ್ತು ಕೀಬೋರ್ಡಿನ ಜೊತೆ ನುಡಿಸುವುದೇ ಹೆಚ್ಚು. ಸಣ್ಣ ಸಭಾಂಗಣಗಳಲ್ಲಿ ವಾದ್ಯದ ನಾದ ತೀರಾ ಒಣಗಿದಂತೆ ಕೇಳಿಸುವುದರಿಂದ ನುಡಿಸಿದ ಸ್ವರವನ್ನು ತುಸು ತಡವಾಗಿ ಪ್ರತಿಧ್ವನಿಯಂತೆ ಮರಳಿಸುವ ಡಿಲೇ ಪೆಡಲ್ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಅಂಗಡಿಯಲ್ಲಿ ಎಂಎಕ್ಸ್ಆರ್ ಕಂಪನಿಯ ಕಾರ್ಬನ್ ಕಾಪಿ ಮತ್ತು ಬಾಸ್ ಕಂಪನಿಯ ಡಿಡಿ-3ಟಿ ಎರಡನ್ನೂ ಸಾಮಾನ್ಯ ಎಲೆಕ್ಟ್ರಿಕ್ ಗಿಟಾರಿಗೆ ಜೋಡಿಸಿ ತೋರಿಸಿದರು. ಎರಡೂ ಚೆನ್ನಾಗಿಯೇ ಇದ್ದವು. ಆದರೆ ಸ್ಟೀಲ್ ಬಾರ್ ಹಿಡಿದು ಸ್ವರದಿಂದ ಸ್ವರಕ್ಕೆ ಜಾರುವಾಗ ಹಿಂದಿನ ಸ್ವರದ ಪ್ರತಿಧ್ವನಿ ಮುಂದಿನದರ ಮೇಲೆ ಬಿದ್ದು ಕಲಸಿಹೋಗುವುದಿಲ್ಲವೇ ಎಂಬ ಸಂದೇಹ ನನ್ನದು. ನಾನು ವಾಲ್ಯೂಮ್ ಪೆಡಲನ್ನೂ ಬಳಸುತ್ತೇನೆ. ಡಿಲೇ ಅದಕ್ಕಿಂತ ಮೊದಲು ಬರಬೇಕೋ, ಆಮೇಲೋ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ಸಂದೇಹ ಸರಿಯಾದದ್ದೇ. ಫ್ರೆಟ್ ಇರುವ ಗಿಟಾರಿನಲ್ಲಿ ಪ್ರತಿಧ್ವನಿಯೂ ನಿಶ್ಚಿತ ಸ್ವರವಾಗಿಯೇ ಮರಳುತ್ತದೆ. ಸ್ಟೀಲ್ ಗಿಟಾರಿನಲ್ಲಾದರೋ ಬಾರ್ ಹಾದುಬಂದ ದಾರಿಯೆಲ್ಲವೂ ಮರಳುತ್ತದೆ, ಅದೂ ನೀವು ಗುರಿಯ ಸ್ವರದ ಮೇಲೆ ನಿಂತ ಬಳಿಕ. ಗಾಂಧಾರದಿಂದ ಪಂಚಮಕ್ಕೆ ನಿಧಾನವಾಗಿ ಜಾರಿ ನಿಂತಿರೆಂದುಕೊಳ್ಳಿ; ಡಿಲೇ 400 ಮಿಲಿಸೆಕೆಂಡಿಗೆ ಇದ್ದರೆ, ಪಂಚಮ ನೆಲೆಗೊಳ್ಳುವ ಹೊತ್ತಿಗೆ ಮಧ್ಯಮದ ಆಸುಪಾಸಿನ ಜಾರು ಇನ್ನೊಮ್ಮೆ ಕಿವಿಗೆ ಬೀಳುತ್ತದೆ. ಹೀಗಾಗಿ ಪೆಡಲ್ ಎಷ್ಟು ದೀರ್ಘ ಡಿಲೇ ಕೊಡುತ್ತದೆ ಎನ್ನುವುದಕ್ಕಿಂತ, ಮರಳಿ ಬರುವ ಧ್ವನಿ ಎಷ್ಟು ಮಂದವಾಗಿದೆ ಎನ್ನುವುದನ್ನೇ ಸ್ಟೀಲ್ ವಾದಕರು ಮೊದಲು ಗಮನಿಸಬೇಕು.

ಈ ದೃಷ್ಟಿಯಿಂದ ನನ್ನ ಒಲವು ಕಾರ್ಬನ್ ಕಾಪಿಯಂಥ ಅನಲಾಗ್ ಪೆಡಲ್ ಕಡೆಗೆ. ಅದರ ಒಳಗಿರುವ ಬಕೆಟ್ ಬ್ರಿಗೇಡ್ ಚಿಪ್ (1969ರಲ್ಲಿ ಫಿಲಿಪ್ಸ್ ಕಂಪನಿಯ ಸಂಶೋಧಕರು ರೂಪಿಸಿದ ಉಪಾಯ) ಬೆಂಕಿ ಆರಿಸಲು ಸಾಲಾಗಿ ನಿಂತವರು ನೀರಿನ ಕೊಡ ದಾಟಿಸುವಂತೆ ಸಂಕೇತವನ್ನು ನೂರಾರು, ಕೆಲವೊಮ್ಮೆ ಸಾವಿರಾರು ಹಂತಗಳಲ್ಲಿ ಕೈಯಿಂದ ಕೈಗೆ ದಾಟಿಸುತ್ತದೆ. ಈ ಸರ್ಕ್ಯೂಟುಗಳಲ್ಲಿ ಗದ್ದಲ ತಡೆಯಲು ಫಿಲ್ಟರ್‌ಗಳೂ ಇರುವುದರಿಂದ ಪ್ರತಿಧ್ವನಿಯ ತಾರ ಭಾಗದ ಹೊಳಪು ಇಳಿದಿರುತ್ತದೆ, ಪ್ರತಿ ಆವರ್ತನೆಗೂ ಇನ್ನಷ್ಟು ಇಳಿಯುತ್ತದೆ. ಸ್ಟೀಲ್ ಗಿಟಾರಿನ ಮೂಲ ನಾದ ತೀಕ್ಷ್ಣವಾದದ್ದು. ಮಬ್ಬಾದ ಪ್ರತಿಧ್ವನಿ ಅದರ ಹಿಂದೆ ಉಳಿಯುತ್ತದೆಯೇ ಹೊರತು ಮುಂದೆ ಬಂದು ಪೈಪೋಟಿ ನಡೆಸುವುದಿಲ್ಲ.

ಕಾರ್ಬನ್ ಕಾಪಿಯನ್ನೇ ಆರಿಸಿದರೆ ಅದರಲ್ಲಿರುವ ಮಾಡ್ಯುಲೇಶನ್ ಗುಂಡಿಯನ್ನು ಒತ್ತದೇ ಇರಿ. ಅದು ಪ್ರತಿಧ್ವನಿಯ ಶ್ರುತಿಯನ್ನು ಸ್ವಲ್ಪ ಮೇಲೆ ಕೆಳಗೆ ತೂಗಿಸುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಕಾರ್ಡುಗಳಿಗೆ ಅದು ಸೊಗಸು. ಬಾರಿನ ಕಂಪನದಿಂದಲೇ ಶ್ರುತಿಯನ್ನು ಅಲುಗಾಡಿಸುವ ನಮ್ಮ ವಾದ್ಯಕ್ಕೆ ಅದು ಅಪಶ್ರುತಿಯಾಗಿಯೇ ಕೇಳಿಸುತ್ತದೆ.

ಉತ್ತರ 2

ಮಾಡ್ಯುಲೇಶನ್ ಕುರಿತು ಮೇಲಿನವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ತಬಲಾ ಜೊತೆಗಿದೆ ಎಂದು ನೀವು ಬರೆದಿರುವುದರಿಂದ ನಾನು ಡಿಡಿ-3ಟಿಯಂಥ ಡಿಜಿಟಲ್ ಪೆಡಲನ್ನೇ ಸೂಚಿಸುತ್ತೇನೆ. ನಿಮಿಷಕ್ಕೆ 90 ಮಾತ್ರೆಗಳ ವೇಗದಲ್ಲಿ ದಾದರಾ ನಡೆಯುತ್ತಿದ್ದರೆ ಒಂದು ಮಾತ್ರೆಗೆ ಸುಮಾರು 667 ಮಿಲಿಸೆಕೆಂಡ್ ಬೇಕು (60,000ವನ್ನು ವೇಗದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಇದು). ಕಾರ್ಬನ್ ಕಾಪಿಯ ಮಿತಿ 600. 1981ರ ಬಾಸ್ ಡಿಎಂ-2 ಪೆಡಲಿನ ಮಿತಿಯಂತೂ 300. ಅರ್ಧ ಮಾತ್ರೆಯ 333ನ್ನು ಕಾರ್ಬನ್ ಕಾಪಿಯಲ್ಲಿ ಹಿಡಿಯಬಹುದು ನಿಜ, ಆದರೆ ಹಾಡಿನಿಂದ ಹಾಡಿಗೆ ಲಯ ಬದಲಾಗುವಾಗ ಸಂಖ್ಯೆಯಿಲ್ಲದ ನಾಬನ್ನು ಅಂದಾಜಿನಲ್ಲಿ ತಿರುಗಿಸುತ್ತ ಕೂರುವುದು ವೇದಿಕೆಯ ಮೇಲೆ ಹಿಂಸೆಯ ಕೆಲಸ. ಡಿಡಿ-3ಟಿ 800 ಮಿಲಿಸೆಕೆಂಡಿನವರೆಗೆ ಹೋಗುತ್ತದೆ. ಅದಕ್ಕೆ ಹೊರಗಿನಿಂದ ಒಂದು ಫುಟ್‌ಸ್ವಿಚ್ ಜೋಡಿಸಿಕೊಂಡರೆ ತಬಲಾದ ಲಯಕ್ಕೆ ಸರಿಯಾಗಿ ಕಾಲಿನಿಂದ ತಟ್ಟಿ ಡಿಲೇಯನ್ನು ಹೊಂದಿಸಿಕೊಳ್ಳಬಹುದು.

ಪ್ರತಿಧ್ವನಿ ಮುನ್ನುಗ್ಗುತ್ತದೆ ಎಂಬ ಆಕ್ಷೇಪಕ್ಕೆ ಪರಿಹಾರ ಪ್ರತಿಧ್ವನಿಯ ಪ್ರಮಾಣವನ್ನು ಹೊಂದಿಸುವ ಇ.ಲೆವೆಲ್ ನಾಬಿನಲ್ಲೇ ಇದೆ: ಡಿಲೇ ಇದೆಯೆಂದು ಗೊತ್ತಾಗದಷ್ಟು, ಆದರೆ ಅದನ್ನು ನಿಲ್ಲಿಸಿದಾಗ ಏನೋ ಕಳೆದುಹೋಯಿತು ಎನಿಸುವಷ್ಟು ಮಾತ್ರ ಇಟ್ಟರೆ ಸಾಕು.

ಇನ್ನೊಂದು ವಿಷಯ. ಅಗ್ಗದ ಪೆಡಲ್‌ಗಳನ್ನು ಕೆಲವರು ಅನಲಾಗ್ ಎಂದು ಮಾರುತ್ತಾರೆ. ಅವುಗಳಲ್ಲಿ ಬಹಳಷ್ಟರ ಒಳಗಿರುವುದು ಪಿಟಿ2399 ಎಂಬ ಡಿಜಿಟಲ್ ಚಿಪ್. ಸುಮಾರು 300 ಮಿಲಿಸೆಕೆಂಡಿನ ಒಳಗೆ ಅದು ಇಂಪಾಗಿಯೇ ಕೆಲಸ ಮಾಡುತ್ತದೆ, ಅದರಾಚೆ ಎಳೆದಷ್ಟೂ ಗರಗರ ಸದ್ದು ಹೆಚ್ಚುತ್ತದೆ. ಗಿಡ್ಡ ಡಿಲೇ ಮಾತ್ರ ಸಾಕೆನ್ನುವವರಿಗೆ ಅದನ್ನು ಬೇಡವೆನ್ನಲು ಕಾರಣವಿಲ್ಲ.

ಉತ್ತರ 3

ಅನಲಾಗೋ ಡಿಜಿಟಲೋ ಎಂಬ ಚರ್ಚೆಗಿಂತ ವಾಲ್ಯೂಮ್ ಪೆಡಲಿನ ಸ್ಥಾನವೇ ನಾದವನ್ನು ಹೆಚ್ಚು ಬದಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಗಿಟಾರ್, ವಾಲ್ಯೂಮ್ ಪೆಡಲ್, ಡಿಲೇ, ಆಂಪ್ಲಿಫೈಯರ್: ಈ ಕ್ರಮವನ್ನು ಇಟ್ಟುಕೊಳ್ಳಿ. ಆಗ ಪಾದವನ್ನು ಹಿಂದಕ್ಕೆ ತಂದು ಧ್ವನಿ ಮುಚ್ಚಿದರೂ ಅಷ್ಟರಲ್ಲಾಗಲೇ ಡಿಲೇಯೊಳಗೆ ಹೋಗಿರುವ ಸ್ವರ ತನ್ನಷ್ಟಕ್ಕೆ ಕರಗುತ್ತದೆ. ಕ್ರಮ ತಿರುಗಿಸಿದರೆ ಪಾದ ಹಿಂದಕ್ಕೆ ತಂದೊಡನೆ ಪ್ರತಿಧ್ವನಿಯೂ ಕತ್ತರಿಸಿದಂತೆ ನಿಲ್ಲುತ್ತದೆ. ಮೂಲ ಪ್ರಶ್ನೆಯ ಕಲಸುವಿಕೆಗೂ ಇದರಲ್ಲೇ ಅರ್ಧ ಉತ್ತರವಿದೆ: ಜಾರು ಆರಂಭವಾಗುವಾಗ ಪಾದವನ್ನು ತುಸು ಹಿಂದೆಳೆದು, ಗುರಿಯ ಸ್ವರ ತಲುಪಿದ ಮೇಲೆ ತೆರೆದರೆ, ಡಿಲೇಗೆ ಹೋಗುವುದು ಬಹುಪಾಲು ನಿಂತ ಸ್ವರವೇ ಆಗಿರುತ್ತದೆ. ಪೆಡಲ್ ಸ್ಟೀಲ್ (ಕಾಲಿನ ಪೆಡಲ್‌ಗಳಿಂದ ತಂತಿಗಳ ಶ್ರುತಿ ಬದಲಿಸುವ ಸ್ಟೀಲ್ ಗಿಟಾರ್) ನುಡಿಸುವ ಅಮೆರಿಕದ ಕಂಟ್ರಿ ವಾದಕರ ಪಾದ ವಾಲ್ಯೂಮ್ ಪೆಡಲನ್ನು ಬಿಟ್ಟು ಕದಲುವುದೇ ಅಪರೂಪ.

ನಿಮ್ಮ ವಾಲ್ಯೂಮ್ ಪೆಡಲ್ ಪ್ಯಾಸಿವ್ (ಬ್ಯಾಟರಿ, ಅಡಾಪ್ಟರ್ ಬೇಡದ್ದು) ಆಗಿದ್ದರೆ ಅದರ ಪೊಟೆನ್ಶಿಯೋಮೀಟರ್, ಅಂದರೆ ಧ್ವನಿ ಏರಿಳಿಸುವ ರೋಧಕ, ಎಷ್ಟು ಕಿಲೋ ಓಮ್‌ನದು ಎಂದು ನೋಡಿ. ಕೀಬೋರ್ಡಿಗಾಗಿ ಮಾಡಿದ 25 ಕಿಲೋ ಓಮ್‌ನಂಥ ಪೆಡಲನ್ನು ಪಿಕಪ್ಪಿಗೆ ನೇರವಾಗಿ ಜೋಡಿಸಿದರೆ ನಾದದ ಹೊಳಪು ಅಲ್ಲೇ ಇಂಗಿಹೋಗುತ್ತದೆ, ಆಮೇಲೆ ಯಾವ ಡಿಲೇ ಬಂದರೂ ಮಂದವೇ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ವಾಲ್ಯೂಮ್ ಪೆಡಲಿನ ಅಡಿಭಾಗದಲ್ಲಿ 250 ಕಿಲೋ ಓಮ್ ಎಂದು ಬರೆದಿದೆ, ಹಾಗಾಗಿ ಅದನ್ನೇ ಉಳಿಸಿಕೊಳ್ಳುತ್ತೇನೆ. ತಬಲಾದ ಕಾರಣಕ್ಕೆ ಡಿಡಿ-3ಟಿ ಕಡೆಗೆ ಮನಸ್ಸು ವಾಲುತ್ತಿದೆ. ಮಂದ್ರ ಸ್ಥಾಯಿಯ ನಿಧಾನದ ಆಲಾಪಕ್ಕೆ ಯಾವ ಅಳತೆಯಿಂದ ಆರಂಭಿಸಲಿ? ಕೀಬೋರ್ಡ್ ಜೊತೆಗಿಟ್ಟ 9 ವೋಲ್ಟಿನ ಹಳೆಯ ಅಡಾಪ್ಟರ್ ಇದಕ್ಕೆ ನಡೆಯುತ್ತದೆಯೇ?

ಉತ್ತರ 2 ಬರೆದವರು

ಆಲಾಪಕ್ಕೆ ಲಯದ ಹಂಗಿಲ್ಲವಾದ್ದರಿಂದ 300ರಿಂದ 350 ಮಿಲಿಸೆಕೆಂಡಿನಲ್ಲಿ ಆರಂಭಿಸಿ. ಫೀಡ್‌ಬ್ಯಾಕನ್ನು ಎರಡು ಅಥವಾ ಮೂರು ಆವರ್ತನೆಗಳಷ್ಟೇ ಕೇಳಿಸುವಂತೆ, ಇ.ಲೆವೆಲನ್ನು ಕಾಲು ಭಾಗಕ್ಕಿಂತ ಕೆಳಗೆ ಇಡಿ. ವೇಗದ ಗೀತೆಗಳಿಗೆ 120 ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಒಂದೇ ಒಂದು ಆವರ್ತನೆ ಸಾಕು. 1950ರ ದಶಕದಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಟೇಪ್ ಯಂತ್ರಗಳಿಂದ ತೆಗೆಯುತ್ತಿದ್ದ ಸ್ಲ್ಯಾಪ್‌ಬ್ಯಾಕ್ (ಒಂದೇ ಒಂದು ಗಿಡ್ಡ ಪ್ರತಿಧ್ವನಿ) ಹೆಚ್ಚುಕಡಿಮೆ ಇದೇ ಅಳತೆಯದು, ಸ್ಟೀಲ್ ಗಿಟಾರಿಗೂ ಅದು ಚೆನ್ನಾಗಿ ಒಪ್ಪುತ್ತದೆ.

ಅಡಾಪ್ಟರಿನ ಬಗ್ಗೆ ಎಚ್ಚರ ಇರಲಿ. ಬಾಸ್ ಪೆಡಲ್‌ಗಳಿಗೆ ಪಿನ್ನಿನ ಮಧ್ಯಭಾಗ ಋಣಾತ್ಮಕವಾಗಿರಬೇಕು, ಆದರೆ ಕೀಬೋರ್ಡಿನ ಎಷ್ಟೋ ಅಡಾಪ್ಟರುಗಳಲ್ಲಿ ಅದು ಧನಾತ್ಮಕವಾಗಿರುತ್ತದೆ. ಅಡಾಪ್ಟರಿನ ಮೇಲೆ ಅಚ್ಚಾಗಿರುವ ವೃತ್ತದ ಚಿಹ್ನೆಯನ್ನು ನೋಡಿ ಖಚಿತಪಡಿಸಿಕೊಳ್ಳುವವರೆಗೆ ಜೋಡಿಸಬೇಡಿ. ಕೊಳ್ಳಲು ಹೋಗುವಾಗ ನಿಮ್ಮ ಲ್ಯಾಪ್ ಸ್ಟೀಲನ್ನೂ ವಾಲ್ಯೂಮ್ ಪೆಡಲನ್ನೂ ಹೊತ್ತುಕೊಂಡೇ ಹೋಗಿ. ಅಂಗಡಿಯವರ ಎಲೆಕ್ಟ್ರಿಕ್ ಗಿಟಾರಿನಲ್ಲಿ ಕೇಳಿ ತೀರ್ಮಾನಿಸಬೇಡಿ.